ವಾಯವ್ಯದ ಸೂರ್ಯ

ಸ್ವಿಟ್ಜರ್ಲೆಂಡಿನ ಸರ್ಕಾರಿ ಭೂಪಟಗಳಲ್ಲಿ ಆಲ್ಪ್ಸ್ ಬೆಟ್ಟಗಳ ಮೇಲೆ ಬಿಸಿಲು ಬೀಳುವುದು ಹಾಳೆಯ ಎಡ ಮೇಲ್ಮೂಲೆಯಿಂದ, ಅಂದರೆ ವಾಯವ್ಯದಿಂದ. ಆ ದೇಶದಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೇಸಗೆಯ ಸಂಜೆ ಮುಳುಗುವ ಮುನ್ನ ಒಂದಿಷ್ಟು ಹೊತ್ತು ವಾಯವ್ಯಕ್ಕೆ ಸರಿಯುವುದು ಬಿಟ್ಟರೆ ಅವನಿಗೂ ಆ ದಿಕ್ಕಿಗೂ ಸಂಬಂಧವಿಲ್ಲ. ಹಾಗಾಗಿ ಬಿಸಿಲು ಚೆನ್ನಾಗಿ ಸಿಗಲೆಂದೇ ದಕ್ಷಿಣದ ಇಳಿಜಾರಿನಲ್ಲಿ ದ್ರಾಕ್ಷಿ ನೆಟ್ಟವನ ತೋಟ ಭೂಪಟದಲ್ಲಿ ನೆರಳಲ್ಲಿ ಮುಳುಗಿರುತ್ತದೆ. (ಬೆಂಗಳೂರಿನಲ್ಲಾದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆದರೆ ಆಗ ನೆರಳೇ ಕಾಲಡಿಗೆ ಬಂದಿರುವುದರಿಂದ ನಕ್ಷೆ ಬರೆಯುವವರಿಗೆ ಅದರಿಂದ ಲಾಭವಿಲ್ಲ.) ಸ್ವಿಸ್ ಭೂಪಟದ ಈ ಸುಳ್ಳನ್ನು ತಿದ್ದಿ, ಬೆಳಕನ್ನು ದಕ್ಷಿಣದಿಂದ ಬೀಳಿಸಿದರೆ ಏನಾಗುತ್ತದೆ? ಕಣಿವೆಗಳು ಉಬ್ಬಿ ಮೇಲೇಳುತ್ತವೆ, ಶಿಖರಗಳು ಹಳ್ಳವಾಗಿ ಕುಸಿಯುತ್ತವೆ, ನದಿಗಳು ಬೆಟ್ಟದ ನೆತ್ತಿಯ ಮೇಲೆ ಹರಿಯತೊಡಗುತ್ತವೆ. ಬೆಳಕು ಬರುವುದು ಮೇಲಿನಿಂದ ಎಂಬುದು ಕಣ್ಣಿನ ಬಹು ಹಳೆಯ ನಂಬಿಕೆ. ಹಾಳೆಯ ಮೇಲಂಚನ್ನೂ ಅದು ಆಕಾಶವೆಂದೇ ಎಣಿಸುತ್ತದೆ. ನಂಬಿಕೆಯಾಗದಿದ್ದರೆ ಯಾವುದಾದರೂ ಬೆಟ್ಟಸೀಮೆಯ ನೆರಳುಬಣ್ಣದ ಭೂಪಟವನ್ನು ತಲೆಕೆಳಗು ಹಿಡಿದು ನೋಡಬಹುದು. ದಿಕ್ಕಿನ ವಿಷಯದಲ್ಲಿ ನಿಜ ಹೇಳಿದ ಭೂಪಟ ನೆಲದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಕಲೆಗೂ ಭೂಪಟಕ್ಕೂ ಏನು ನಂಟು ಎಂಬ ಪ್ರಶ್ನೆಯನ್ನು ಕೇಳಬೇಕಾದ್ದು ಇಲ್ಲಿಂದ. ಹಳೆಯ ನಕ್ಷೆಗಳ ಅಂಚಿನಲ್ಲಿರುವ ಬಳ್ಳಿ, ಹಡಗು, ತಿಮಿಂಗಿಲಗಳಿಂದಲ್ಲ.

ಏಕೆಂದರೆ ಬಳ್ಳಿಯನ್ನು ಅಳಿಸಿದರೂ ಭೂಪಟ ಉಳಿಯುತ್ತದೆ, ನೆರಳನ್ನು ಅಳಿಸಿದರೆ ಬೆಟ್ಟವೇ ಹೋಗುತ್ತದೆ. ಸಮೋನ್ನತಿ ರೇಖೆಗಳಿಲ್ಲವೇ ಎನ್ನಬಹುದು. ಇವೆ. ಅವು ಎತ್ತರವನ್ನು ಕರಾರುವಾಕ್ಕಾಗಿ ಹೇಳುತ್ತವೆ, ಆದರೆ ಓದಲು ಬಲ್ಲವರಿಗೆ ಮಾತ್ರ ಹೇಳುತ್ತವೆ. ನೋಡಿದೊಡನೆ ಬೆಟ್ಟ ಬೆಟ್ಟವಾಗಿ ಕಾಣಬೇಕಾದರೆ ಚಿತ್ರಕಾರನ ಕೈ ಬೇಕಾಗುತ್ತದೆ. 1799ರಲ್ಲಿ ಸ್ಯಾಕ್ಸನಿಯ ಸೇನಾಧಿಕಾರಿ ಯೋಹಾನ್ ಗಿಯೋರ್ಗ್ ಲೇಮಾನ್ ಇದನ್ನು ಕಟ್ಟುನಿಟ್ಟಿನ ಲೆಕ್ಕಕ್ಕೆ ಇಳಿಸಲು ನೋಡಿದ: ಬೆಳಕು ನೇರ ನೆತ್ತಿಯಿಂದ, ಇಳಿಜಾರು ಕಡಿದಾದಷ್ಟೂ ಗೀಟುಗಳು ದಪ್ಪ. ಲೆಕ್ಕ ಸರಿಯಾಗಿತ್ತು, ಆದರೆ ಬೆಟ್ಟದ ಎರಡೂ ಮಗ್ಗುಲು ಒಂದೇ ಸಮ ಕಪ್ಪಾಗಿ ಯಾವ ಕಡೆ ಏರು, ಯಾವ ಕಡೆ ಇಳಿ ಎಂದು ತಿಳಿಯುವುದೇ ಕಷ್ಟವಾಯಿತು. 1845ರಿಂದ 1865ರವರೆಗೆ 25 ಹಾಳೆಗಳಲ್ಲಿ ಹೊರಬಂದ ಸ್ವಿಸ್ ಭೂಪಟದಲ್ಲಿ ಜನರಲ್ ದುಫೂರ್ ಅದೇ ಗೀಟುಗಳನ್ನು ಇಟ್ಟುಕೊಂಡು ಬೆಳಕನ್ನು ಮಾತ್ರ ಓರೆಯಾಗಿ ವಾಯವ್ಯಕ್ಕೆ ತಿರುಗಿಸಿದ. ಆಲ್ಪ್ಸ್ ಎದ್ದು ನಿಂತಿತು. ಇದನ್ನು ತುತ್ತತುದಿಗೆ ಒಯ್ದವನು ಎಡುವಾರ್ಡ್ ಇಮ್ಹೋಫ್ (1895–1986). ಓದಿದ್ದು ಸರ್ವೆ, ಒಲಿದಿದ್ದು ಜಲವರ್ಣ. 1925ರಲ್ಲಿ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಭೂಪಟ ಶಾಸ್ತ್ರದ ಸಂಸ್ಥೆ ಕಟ್ಟಿ, ದಶಕಗಳ ಕಾಲ ಸ್ವಿಸ್ ಶಾಲಾ ಅಟ್ಲಾಸ್‌ಗಳನ್ನು ಸಂಪಾದಿಸಿದ ಈತ ಭೂದೃಶ್ಯ ಚಿತ್ರಕಾರರಿಂದ ಒಂದು ಗುಟ್ಟನ್ನು ಎತ್ತಿಕೊಂಡ. ದೂರದ ಬೆಟ್ಟ ನೀಲಿಗಟ್ಟಿ ಮಸುಕಾಗುತ್ತದೆ, ಹತ್ತಿರದ್ದು ಸ್ಪಷ್ಟವಾಗಿರುತ್ತದೆ; ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟ ಸಂಗತಿ ಇದು. ಭೂಪಟ ನೋಡುವವನು ಆಕಾಶದಲ್ಲಿ ನಿಂತಿರುತ್ತಾನಲ್ಲ, ಅವನಿಗೆ ಹತ್ತಿರವಿರುವುದು ಶಿಖರ, ದೂರವಿರುವುದು ಕಣಿವೆ. ಹಾಗಾಗಿ ಇಮ್ಹೋಫ್ ಶಿಖರಗಳಲ್ಲಿ ಬಿಸಿಲು ನೆರಳಿನ ಅಂತರವನ್ನು ತೀಕ್ಷ್ಣವಾಗಿಸಿ, ತಗ್ಗಿಗೆ ಇಳಿದಂತೆಲ್ಲ ಬಣ್ಣವನ್ನು ಬೂದುನೀಲಿಯ ಮಂಜಿನಲ್ಲಿ ಕರಗಿಸಿದ. ಬೆಳಕಿಗೆ ಸಮಾನಾಂತರವಾಗಿ ಓಡುವ ಏಣು ಬಂದರೆ, ಎರಡೂ ಮಗ್ಗುಲು ಒಂದೇ ಬಣ್ಣಕ್ಕೆ ತಿರುಗುವುದನ್ನು ತಪ್ಪಿಸಲು, ಅಷ್ಟು ಜಾಗದ ಮಟ್ಟಿಗೆ ಸೂರ್ಯನನ್ನೇ ಇಷ್ಟು ಪಕ್ಕಕ್ಕೆ ಸರಿಸಿದ. ಒಂದೇ ಹಾಳೆಯಲ್ಲಿ ಹಲವು ಸೂರ್ಯರು! ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ, ಕಣ್ಣು ಮಾತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಭೂಪಟಕ್ಕೆ ಕಲೆ ಬೇಕೆಂಬ ಮಾತಿಗೆ ಗಟ್ಟಿಯಾದ ಆಕ್ಷೇಪ ಎತ್ತಿದವನು ಅಮೆರಿಕದ ಆರ್ಥರ್ ರಾಬಿನ್ಸನ್. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಗುಪ್ತಚರ ಇಲಾಖೆಯ ಭೂಪಟ ವಿಭಾಗವನ್ನು ನಡೆಸಿದವನು. 1952ರಲ್ಲಿ ಭೂಪಟಗಳ ರೂಪದ ಬಗ್ಗೆಯೇ ಪುಸ್ತಕ ಬರೆದ ಅವನ ವಾದ ಸರಳ: ಭೂಪಟ ವಿನ್ಯಾಸವನ್ನು ಕಲೆ ಎಂದು ಬಿಟ್ಟರೆ ಎಲ್ಲವೂ ರೂಢಿಗೂ ವೈಯಕ್ತಿಕ ಅಭಿರುಚಿಗೂ ಬಿಟ್ಟುಹೋಗುತ್ತದೆ, ಅಕ್ಷರ ಎಷ್ಟು ದೊಡ್ಡದಿರಬೇಕು, ಬಣ್ಣ ಯಾವುದಿರಬೇಕು ಎಂಬುದನ್ನು ಓದುಗರ ಮೇಲೆ ಪರೀಕ್ಷಿಸಿ ತೀರ್ಮಾನಿಸಬೇಕು. ಬಾಣಗಳೂ ಬಣ್ಣಗಳೂ ಜನರನ್ನು ಹೆದರಿಸಲು, ಉಬ್ಬಿಸಲು ಬಳಕೆಯಾದ ಪ್ರಚಾರ ನಕ್ಷೆಗಳ ಕಾಲವನ್ನು ಕಂಡ ತಲೆಮಾರಿಗೆ ಈ ಎಚ್ಚರ ಸಹಜವೇ. ವಾದದಲ್ಲಿ ಹುರುಳೂ ಇದೆ: ಪರೀಕ್ಷೆಯಿಂದ ಅಕ್ಷರದ ಗಾತ್ರ ತಿಳಿಯುತ್ತದೆ, ಯಾವ ಬಣ್ಣ ಯಾವುದರೊಡನೆ ಕಲಸಿಹೋಗುತ್ತದೆ ಎಂದೂ ತಿಳಿಯುತ್ತದೆ. ಆದರೆ ಪರೀಕ್ಷೆಗೆ ಒಡ್ಡಲು ಮೊದಲು ಯಾರಾದರೂ ಏನನ್ನಾದರೂ ಬರೆದಿರಬೇಕಲ್ಲ. 1963ರಲ್ಲಿ ರಾಬಿನ್ಸನ್ನನೇ ಪ್ರಪಂಚದ ಭೂಪಟಕ್ಕೆ ಹೊಸ ಪ್ರಕ್ಷೇಪವೊಂದನ್ನು ರೂಪಿಸಲು ಕೂತಾಗ ಆದದ್ದು ಇದೇ. ಉಳಿದವರು ಸೂತ್ರದಿಂದ ಆರಂಭಿಸಿ ಆಕಾರಕ್ಕೆ ಬರುತ್ತಿದ್ದರು. ಅವನು ಖಂಡಗಳು ಹೇಗೆ ಕಂಡರೆ ಚೆನ್ನ ಎಂದು ಮೊದಲು ಕಲ್ಪಿಸಿಕೊಂಡು, ಕಣ್ಣಿಗೆ ಒಪ್ಪುವವರೆಗೆ ತಿದ್ದಿ ತಿದ್ದಿ, ಆಮೇಲೆ ಗಣಿತವನ್ನು ಹೊಂದಿಸಿದ. ತನ್ನದು ಕಲಾವಿದನ ದಾರಿಯೆಂದು ಅವನೇ ಮುಂದೆ ಒಪ್ಪಿಕೊಂಡ. ಆ ಪ್ರಕ್ಷೇಪಕ್ಕೆ ಮೂಲದಲ್ಲಿ ಇಡಿಯಾದೊಂದು ಸೂತ್ರವೇ ಇಲ್ಲ, ಐದೈದು ಡಿಗ್ರಿಗೆ ಒಂದರಂತೆ ಅಂಕಿಗಳ ಕೋಷ್ಟಕವಿದೆ. ನ್ಯಾಷನಲ್ ಜಿಯಾಗ್ರಫಿಕ್ 1988ರಿಂದ 1998ರವರೆಗೆ ತನ್ನ ವಿಶ್ವ ಭೂಪಟಗಳಿಗೆ ಇದನ್ನೇ ಬಳಸಿತು. ಕಲೆಯನ್ನು ಮುಂಬಾಗಿಲಿನಿಂದ ಹೊರಗೆ ಕಳಿಸಿದವನ ಮನೆಗೆ ಅದು ಹಿತ್ತಿಲಿಂದ ಬಂತು ಎಂದು ನಗುವುದು ಸುಲಭ. ಅವನು ಆತ್ಮವಂಚಕನಾಗಿರಲಿಲ್ಲ ಎಂಬುದೇ ಮುಖ್ಯ: ಗೋಳವನ್ನು ಹಾಳೆಗೆ ಇಳಿಸುವಾಗ ಏನಾದರೂ ಕೆಡಲೇಬೇಕು, ಯಾವುದು ಎಷ್ಟು ಕೆಡಬಹುದು ಎಂಬ ತೀರ್ಮಾನವನ್ನು ಗಣಿತ ಯಾರಿಗೂ ಮಾಡಿಕೊಡುವುದಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚೆನ್ನಾಗಿ ಬರೆದ ಭೂಪಟ ತನಗೆ ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ತೋರಿಸಬಲ್ಲದು. ಅಮೆರಿಕದ ಭೂವಿಜ್ಞಾನಿಗಳಾದ ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜನ್ ಕಡಲತಳದ ಭೂಪಟಗಳನ್ನು ತಯಾರಿಸಿದಾಗ ಅವರ ಕೈಯಲ್ಲಿದ್ದದ್ದು ಹಡಗುಗಳು ಸಾಗಿದ ದಾರಿಗುಂಟ ಶಬ್ದದಲೆಯಿಂದ ಅಳೆದ ಆಳಗಳು. ಎರಡು ದಾರಿಗಳ ನಡುವೆ ನೂರಾರು ಕಿಲೋಮೀಟರ್ ಖಾಲಿ. ಕರಾರುವಾಕ್ಕಾದ ಆಳರೇಖೆಗಳನ್ನು ಶೀತಲ ಸಮರದ ಅಮೆರಿಕನ್ ನೌಕಾಪಡೆ ಗುಟ್ಟಾಗಿಟ್ಟಿತ್ತು. ಆದ್ದರಿಂದ ಥಾರ್ಪ್ ಅಂಕಿಗಳ ಬದಲು ನೆಲದ ಚಹರೆಯನ್ನೇ ಚಿತ್ರಿಸುವ ಶೈಲಿ ಹಿಡಿದಳು. 1967ರಲ್ಲಿ ಹಿಂದೂ ಮಹಾಸಾಗರದ ತಳವನ್ನು ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಇವರೊಡನೆ ಬಣ್ಣದಲ್ಲಿ ಬರೆದವನು ಆಸ್ಟ್ರಿಯಾದ ಹೈನ್ರಿಖ್ ಬೆರಾನ್, ಆಲ್ಪ್ಸ್‌ನ ಪ್ರವಾಸಿ ಚಿತ್ರಗಳಿಂದ ಹೆಸರಾದವನು. 1977ರ ಅವರ ವಿಶ್ವಸಾಗರ ತಳದ ಭೂಪಟದಲ್ಲಿ ಅಳೆದ ಜಾಗ ಯಾವುದು, ಊಹಿಸಿದ ಜಾಗ ಯಾವುದು ಎಂದು ಗುರುತಿಸಲು ಓದುಗನಿಗೆ ದಾರಿಯಿಲ್ಲ. ಇದು ದೋಷವೇ. ಆದರೆ ದೋಷ ಕುಂಚದ್ದೇ? ಅಟ್ಲಾಂಟಿಕ್‌ನ ತಳದ ನಡುವೆ ಹಾದ ಬೆಟ್ಟಸಾಲಿನ ಉದ್ದಕ್ಕೂ ಸೀಳುಕಣಿವೆಯಿದೆ ಎಂದು ಥಾರ್ಪ್ 1950ರ ದಶಕದ ಆರಂಭದಲ್ಲಿ ಕಂಡುಕೊಂಡದ್ದು ಬಿಡಿಬಿಡಿ ಅಳತೆಗಳನ್ನು ಚಿತ್ರವಾಗಿ ಜೋಡಿಸುವಾಗಲೇ. ಹೀಜನ್ ಅದನ್ನು ಹೆಣ್ಣುಮಕ್ಕಳ ಹರಟೆಯೆಂದು ಮೊದಲು ತಳ್ಳಿಹಾಕಿದ್ದ; ಕೊನೆಗೆ ಭೂಫಲಕಗಳ ಚಲನೆಯನ್ನು ವಿಜ್ಞಾನಿಗಳು ಒಪ್ಪುವಲ್ಲಿ ಅದೇ ಕಣಿವೆ ದೊಡ್ಡ ಸಾಕ್ಷಿಯಾಯಿತು. ಅಟ್ಲಾಂಟಿಕ್‌ನ ಮೊದಲ ಭೂಪಟದಲ್ಲಿ ಮಾಹಿತಿಯೇ ಇಲ್ಲದ ಜಾಗವನ್ನು ಥಾರ್ಪ್ ದೊಡ್ಡದೊಂದು ವಿವರಣೆ ಪಟ್ಟಿಯಿಂದ ಮುಚ್ಚಿದ್ದಳು. ಮತ್ಸ್ಯಕನ್ಯೆಯರನ್ನೂ ಮುಳುಗಿದ ಹಡಗುಗಳನ್ನೂ ಬರೆಯುವ ಆಸೆಯಿತ್ತಂತೆ, ಹೀಜನ್ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಮತ್ಸ್ಯಕನ್ಯೆ ಇರುವಲ್ಲಿ ಅಳತೆಯಿಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ನಂಬುವಂತೆ ಬರೆದ ಗುಡ್ಡದಿಂದ ಅದು ಹೊಳೆಯುವುದಿಲ್ಲ.

ಈಗ ಉಪಗ್ರಹಗಳೂ ಕಂಪ್ಯೂಟರೂ ಇರುವಾಗ ಇದೆಲ್ಲ ಹಳೆಯ ಮಾತು ಎನ್ನುವವರಿದ್ದಾರೆ. ಎತ್ತರದ ದತ್ತಾಂಶ ಕೊಟ್ಟರೆ ಸಾಕು, ತಂತ್ರಾಂಶ ಕ್ಷಣದಲ್ಲಿ ನೆರಳು ಬಳಿಯುತ್ತದೆ, ಮನುಷ್ಯನ ಕೈ ತಾಗುವುದೇ ಇಲ್ಲ. ಆದರೆ ಆ ತಂತ್ರಾಂಶಗಳಲ್ಲಿ ನಾವು ಏನೂ ಹೇಳದಿದ್ದಾಗ ಬೆಳಕು ಬರುವುದು 315 ಡಿಗ್ರಿಯಿಂದ. ಅಂದರೆ ಅದೇ ವಾಯವ್ಯ. ಚಿತ್ರಕಾರರ ರೂಢಿಯೊಂದು ಅಂಕಿಯ ವೇಷ ತೊಟ್ಟು ಕೂತಿದೆ, ಈಗ ಅದನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಕಲೆಯನ್ನು ತೆಗೆದುಹಾಕಿದಾಗ ಉಳಿಯುವುದು ವಸ್ತುನಿಷ್ಠತೆಯಲ್ಲ. ಬೇರೆ ಯಾರೋ, ಬೇರೆ ಯಾವುದೋ ನೆಲಕ್ಕಾಗಿ, ಹಿಂದೆ ಮಾಡಿಟ್ಟ ಆಯ್ಕೆ. ಇದು ನಮ್ಮ ಸಹ್ಯಾದ್ರಿಯಲ್ಲೇ ಕಾಣುತ್ತದೆ. ಘಟ್ಟದ ಸಾಲು ಹೆಚ್ಚೂಕಡಿಮೆ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಓಡುತ್ತದೆ. ವಾಯವ್ಯದ ಬೆಳಕು ಅದನ್ನು ಅಡ್ಡ ಹಾಯುವ ಬದಲು ಸಾಲಿನ ಗುಂಟ ಜಾರಿಹೋಗುತ್ತದೆ; ಕರಾವಳಿಯತ್ತ ಕಡಿದಾಗಿ ಇಳಿಯುವ ಗೋಡೆ ಮಂಕಾಗಿ, ಅಡ್ಡಡ್ಡ ಕೊರೆದ ಹೊಳೆಕಣಿವೆಗಳೇ ಎದ್ದು ಕಾಣುತ್ತವೆ. ಇಮ್ಹೋಫ್‌ನಾಗಿದ್ದರೆ ಸೂರ್ಯನನ್ನು ಪಶ್ಚಿಮಕ್ಕೆ ಎಳೆಯುತ್ತಿದ್ದ.

ಯಂತ್ರದ ಪರವಾದಿಗಳು ಇಷ್ಟಕ್ಕೇ ಸೋಲೊಪ್ಪಬೇಕಿಲ್ಲ. 2020ರಲ್ಲಿ ಭೂಪಟಶಾಸ್ತ್ರಜ್ಞ ಬರ್ನ್‌ಹಾರ್ಡ್ ಯೆನ್ನಿ ಮತ್ತು ಸಂಗಡಿಗರು ನರಜಾಲ ಮಾದರಿಯೊಂದಕ್ಕೆ ನೆರಳು ಬಳಿಯುವುದನ್ನು ಕಲಿಸಿದರು. ಏಣಿನ ದಿಕ್ಕು ನೋಡಿ ಬೆಳಕನ್ನು ಅಲ್ಲಲ್ಲಿ ತಿರುಗಿಸುವ ಇಮ್ಹೋಫ್‌ನ ಜಾಣ್ಮೆಯೂ ಅದಕ್ಕೆ ಹತ್ತಿತು. ಆ ಕೆಲಸದಿಂದ ಹುಟ್ಟಿದ ತಂತ್ರಾಂಶದ ಹೆಸರೇ ಎಡುವಾರ್ಡ್. ಅದು ಕಲಿತದ್ದು ಯಾವುದರಿಂದ? ಸ್ವಿಸ್ ಭೂಪಟಗಳಿಗಾಗಿ ಮನುಷ್ಯರು ಕೈಯಾರೆ ಬಳಿದಿಟ್ಟ ನೆರಳುಗಳಿಂದ. ಹಿಮನದಿ ಕೊರೆದ ಚೂಪು ಶಿಖರಗಳನ್ನು, ಅಗಲ ತಳದ ಕಣಿವೆಗಳನ್ನು ತಲೆಮಾರುಗಟ್ಟಲೆ ನೋಡಿದ ಕಣ್ಣು ಅದು. ಸಾವನದುರ್ಗದ ಬೋಳು ಬಂಡೆಯನ್ನಾಗಲಿ ಕುದುರೆಮುಖದ ದುಂಡು ಹುಲ್ಲುಬೆಟ್ಟಗಳನ್ನಾಗಲಿ ಅದಕ್ಕೆ ಕಲಿಸಬೇಕಾದರೆ, ಅವುಗಳ ಮುಂದೆ ಕೂತು ಮೊದಲು ಯಾರಾದರೂ ಕುಂಚ ಹಿಡಿಯಬೇಕು.