ಹೊತ್ತಗೆಯ ಮಂತ್ರ, ಹೃದಯದ ಮಂತ್ರ

ಅಮೆರಿಕದಲ್ಲಿ ನೆಲೆಸಿರುವ ಭಕ್ತರೊಬ್ಬರು ನಮ್ಮನ್ನು ಕಂಡು, "ಶಾಸ್ತ್ರಿಗಳೆ, ಮಗನು ಮಾಂತ್ರಿಕನ ಪಾತ್ರದ ಆಟವೊಂದರಲ್ಲಿ ಮುಳುಗಿದ್ದಾನೆ; ಬಿಡಿಸಬೇಕೆ?" ಎಂದು ಕಳವಳದಿಂದ ಕೇಳಿದರು.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ರಚಿಸಿದ ಇದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗೆಳೆಯರು ಮೇಜಿನ ಸುತ್ತ ಕುಳಿತು, ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಬೆಳೆಸುತ್ತಾರೆ.

ಇದರಲ್ಲಿ ಮಾಂತ್ರಿಕನಿಗೆ ಮಂತ್ರವು ವರವಾಗಿ ಬಾರದು, ಓದಿನಿಂದ ಬರುತ್ತದೆ. 2014ರ ನಿಯಮಗಳಂತೆ ಅವನ ಹೊತ್ತಗೆಯಲ್ಲಿ ಮೊದಲಿಗೆ 6 ಮಂತ್ರಗಳು. ಮೇಲಿನ ಮಟ್ಟಕ್ಕೇರಿದಾಗಲೆಲ್ಲ 2 ಸೇರುತ್ತವೆ. ಬೇರೆಡೆ ದೊರೆತ ಮಂತ್ರವನ್ನು ಅಭ್ಯಸಿಸಿ ತಾನೇ ಬರೆದುಕೊಳ್ಳಬೇಕು. ಮಂತ್ರದ ಒಂದೊಂದು ಮಟ್ಟಕ್ಕೆ ಆಟದ ಲೆಕ್ಕದಲ್ಲಿ 2 ಗಂಟೆ, 50 ಹೊನ್ನು ವೆಚ್ಚ. ಹಳೆಯ ನಿಯಮಗಳಲ್ಲಿ ಪ್ರಯೋಗಿಸಿದ ಕೂಡಲೆ ಮಂತ್ರವು ನೆನಪಿನಿಂದಲೇ ಅಳಿಯುತ್ತಿತ್ತು. ಮತ್ತೆ ಓದಿ ಕಂಠಸ್ಥ ಮಾಡಬೇಕಿತ್ತು. ಈ ಕಲ್ಪನೆ ಜಾಕ್ ವ್ಯಾನ್ಸ್ ಎಂಬ ಕಥೆಗಾರರಿಂದ ಬಂದುದು.

ಇದನ್ನು ತಿಳಿದಾಗ ನಮಗೆ ಮಠದ ದಿನಗಳು ನೆನಪಾದವು. ಗುರುಗಳು ಹೇಳಿದ ಪಾಠವನ್ನು ಕೈಯಾರೆ ಬರೆದು, ನಸುಕಿನಲ್ಲೆದ್ದು ಬಾಯಿಪಾಠ ಮಾಡದ ಹೊರತು ಅದು ನಮ್ಮದಾಗುತ್ತಿರಲಿಲ್ಲ. ಆದರೆ ಭೇದವೊಂದುಂಟು. ಆ ಮಂತ್ರ ಬಳಸಿದರೆ ಅಳಿಯುತ್ತಿತ್ತು. ಗುರುವು ಕಿವಿಯಲ್ಲಿ ನುಡಿದ ಷಡಕ್ಷರಿಯು ಜಪಿಸಿದಷ್ಟೂ ಬಲಿಯುತ್ತದೆ. ಅದು ಎದುರಾಳಿಯನ್ನು ಗೆಲ್ಲಲಿಕ್ಕಲ್ಲ, ತನ್ನನ್ನು ತಿದ್ದಿಕೊಳ್ಳಲಿಕ್ಕೆ.

"ಆಟ ಬಿಡಿಸಬೇಡಿ; ಮಗನ ಪಕ್ಕ ಕುಳಿತು ನೋಡಿ. ಇಷ್ಟಲಿಂಗಪೂಜೆಗೆ ಅವನನ್ನು ನಿಮ್ಮ ಪಕ್ಕ ಕುಳ್ಳಿರಿಸಿಕೊಳ್ಳಿ" ಎಂದೆವು. ಭಕ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಪೂಜೆ ಬಿಟ್ಟು ವರ್ಷಗಳಾದವು" ಎಂದರು.

ಪಾಠವು ಎಲ್ಲಿಂದ ಆರಂಭವಾಗಬೇಕೆಂಬುದು ಆಗ ಇಬ್ಬರಿಗೂ ತಿಳಿಯಿತು.