ಬಟ್ಟೆಯ ವೀರಗಲ್ಲು

ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಹಳೇ ಮೈಸೂರು ರಸ್ತೆಯ ಮಗ್ಗುಲಲ್ಲೇ ಜಾನಪದ ಲೋಕ ಸಿಗುತ್ತದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಆವರಣದಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳನ್ನೂ ತಂದು ನಿಲ್ಲಿಸಿದ್ದಾರೆ. ತುರು ಬಿಡಿಸಲು ಹೋಗಿ ಮಡಿದವನಿಗೆ ಊರು ಕಲ್ಲು ನೆಡುತ್ತಿತ್ತು. ಕಾಯಿಲೆ ಬಿದ್ದು ಸತ್ತವರಿಗೆ ಯಾರು ನೆಟ್ಟಾರು? ಅದರಲ್ಲೂ ಹೆಸರೆತ್ತಲು ಮನೆಯವರೇ ಅಂಜುವ ಕಾಯಿಲೆಯಾದರೆ?

ಅಂಥವರಿಗೆ ಅಮೆರಿಕದಲ್ಲಿ ಬಟ್ಟೆಯ ವೀರಗಲ್ಲು ಹುಟ್ಟಿತು.

1985ರ ನವೆಂಬರ್, ಸ್ಯಾನ್ ಫ್ರಾನ್ಸಿಸ್ಕೊ. ಹತ್ಯೆಯಾದ ಸಲಿಂಗಿ ಹಕ್ಕುಗಳ ನಾಯಕ ಹಾರ್ವೆ ಮಿಲ್ಕ್ ನೆನಪಿನ ಮೇಣದಬತ್ತಿ ಮೆರವಣಿಗೆ. ಏಡ್ಸ್‌ನಿಂದ ತೀರಿಕೊಂಡ ಗೆಳೆಯರ ಹೆಸರನ್ನು ರಟ್ಟಿನ ಮೇಲೆ ಬರೆಯಿರಿ ಎಂದು ಹೋರಾಟಗಾರ ಕ್ಲೀವ್ ಜೋನ್ಸ್ ಕೇಳಿಕೊಂಡಿದ್ದರು. ಅವನ್ನೆಲ್ಲ ಸರ್ಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡಿದರೆ, ತುಂಡುಬಟ್ಟೆ ಸೇರಿಸಿ ಹೊಲಿದ ಹೊದಿಕೆಯಂತೆ ಕಂಡಿತು. ನಮ್ಮವರಾಗಿದ್ದರೆ ಕೌದಿ ಎನ್ನುತ್ತಿದ್ದರು.

ಆ ನೋಟದಿಂದಲೇ ನೆನಪಿನ ಹೊದಿಕೆಯ ಯೋಚನೆ ಹುಟ್ಟಿತು. ಅದರ ಮೊದಲ ಬಟ್ಟೆಪಟ್ಟಿಯನ್ನು ಜೋನ್ಸ್ ತಮ್ಮ ಗೆಳೆಯ ಮಾರ್ವಿನ್ ಫೆಲ್ಡ್‌ಮನ್‌ಗಾಗಿ ಮಾಡಿದರು. ಅಗಲ 3 ಅಡಿ, ಉದ್ದ 6 ಅಡಿ. ಹೆಚ್ಚುಕಡಿಮೆ ಒಂದು ಗೋರಿಯಷ್ಟೇ ಜಾಗ. ಅಮ್ಮಂದಿರು, ಅಕ್ಕತಂಗಿಯರು, ಸಂಗಾತಿಗಳು ಹೊಲಿಯತೊಡಗಿದರು. ಸತ್ತವನ ಜೀನ್ಸು, ಟೀ ಶರ್ಟು, ಆಟದ ಗೊಂಬೆ, ಫೋಟೊ ಎಲ್ಲವೂ ಬಟ್ಟೆಯ ಮೇಲೇರಿದವು. ಕೆಲವು ಪಟ್ಟಿಗಳಲ್ಲಿ ಪೂರ್ತಿ ಹೆಸರಿಲ್ಲ, ಬರೀ ಇನಿಷಿಯಲ್ಲು. ಭಯ ಅಲ್ಲೂ ಇತ್ತು. ಪಂಚಗಣಿಯ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ, ಮುಂದೆ ಗಾಯಕನಾದ ಫ್ರೆಡ್ಡಿ ಮರ್ಕ್ಯುರಿಯ ಹೆಸರೂ ಆಮೇಲೆ ಈ ಹೊದಿಕೆ ಸೇರಿತು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಲ್ಲಿ 1,920 ಪಟ್ಟಿಗಳನ್ನು ಹಾಸಿ, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ಇಂದು ಪಟ್ಟಿಗಳು ಸುಮಾರು 50,000, ತೂಕ 54 ಟನ್.

ಸತ್ತವರ ಬಟ್ಟೆ ನಮ್ಮಲ್ಲೂ ಹೊದಿಕೆಯಾಗುತ್ತದೆ. ಅಜ್ಜಿಯ ನವೆದ ಸೀರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯ ಪದರವಾಗಿ ಮೊಮ್ಮಕ್ಕಳನ್ನು ಬೆಚ್ಚಗಿಡುತ್ತದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಮೂಲೆಗಳಲ್ಲಿ ಬಟ್ಟೆಯ ಹೂ ಕೂರುತ್ತದೆ. ಅದಿಲ್ಲದಿದ್ದರೆ ಕವಂದಿ ಮುಗಿದಂತಲ್ಲ. ಆದರೆ ಕೌದಿಗಾಗಲಿ ಕವಂದಿಗಾಗಲಿ ಹೆಸರು ಬರೆಯುವ ರೂಢಿಯಿಲ್ಲ. ಯಾರ ಸೀರೆಯೆಂದು ಮನೆಯವರಿಗೆ ಗೊತ್ತು, ಅಷ್ಟು ಸಾಕು.

ಏಡ್ಸ್ ವಿಷಯದಲ್ಲಿ ಈ ಮೌನಕ್ಕೆ ಬೇರೆಯೇ ಭಾರವಿದೆ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಗುರುತಿಸಿತು. ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತವಾಗಿ ಬಂದದ್ದು 2004ರಲ್ಲಿ. ನಡುವಿನ ವರ್ಷಗಳಲ್ಲಿ ಹೋದವರ ಸಾವಿಗೆ ಮನೆಗಳು ಹೇಳಿಕೊಂಡ ಕಾರಣ ಹೆಚ್ಚಾಗಿ ಟಿ.ಬಿ., ಜ್ವರ, ಇಲ್ಲವೇ ಏನೂ ಇಲ್ಲ. ಸೋಂಕಿತರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ ಎನ್ನುತ್ತದೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆ. ಬದುಕಿರುವವರಿಗೆ ಅದು ಬೇಕೇಬೇಕು. ಏಡ್ಸ್‌ನಿಂದ ತೀರಿಕೊಂಡವರಿಗಾಗಿ ಮೇ ತಿಂಗಳ ಮೂರನೇ ಭಾನುವಾರ ಜಗತ್ತಿನ ಹಲವೆಡೆ ಹಚ್ಚುವ ನೆನಪಿನ ಮೇಣದಬತ್ತಿಗೂ ಹೆಸರಿರುವುದಿಲ್ಲ; ಹಚ್ಚಿದವರು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು.

ಬಟ್ಟೆಗೆ ಕಲ್ಲಿನ ಆಯುಸ್ಸಿಲ್ಲ. ಹೊಲಿಗೆ ಬಿಚ್ಚುತ್ತದೆ, ಬಣ್ಣ ಮಾಸುತ್ತದೆ. ಅಮೆರಿಕದ ಆ ಭಾರಿ ಹೊದಿಕೆಯ ರಿಪೇರಿಯನ್ನು ಶುರುವಿನಿಂದಲೂ ನೋಡಿಕೊಂಡವರು ಗರ್ಟ್ ಮೆಕ್‌ಮುಲಿನ್. 2020ರಲ್ಲಿ ಕೋವಿಡ್ ಬಂದಾಗ ಅವರು ಹೊದಿಕೆಗೆ ಬಳಸದೆ ಉಳಿದಿದ್ದ ಬಟ್ಟೆಗಳನ್ನು ಕತ್ತರಿಸಿ, ಹೊಲಿಗೆ ಯಂತ್ರದ ಮುಂದೆ ಕೂತು ಮಾಸ್ಕ್ ಹೊಲಿದರು.