ಬೇರುಗಂಟಿನ ಅಣುಜೀವಿ: ತಾಯಿತಳಿಯನ್ನು ಕಾಯ್ದಿಡುವ ಬಗೆ

ತೊಗರಿ, ಹೆಸರು, ಸೋಯಾ ಅವರೆ, ಶೇಂಗಾ ಬೀಜಗಳಿಗೆ ರೈಜೋಬಿಯಂ ಲೇಪಿಸಿ ಬಿತ್ತುವ ಪದ್ಧತಿ ರೈತ ಬಾಂಧವರಿಗೆ ತಿಳಿದದ್ದೇ. ಅಣುಜೀವಿ ಸತ್ವಯುತವಾಗಿದ್ದರೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಸತ್ವ ಕಳೆದುಕೊಂಡಿದ್ದರೆ, ಅದು ಗೊತ್ತಾಗುವ ಹೊತ್ತಿಗೆ ಬಿತ್ತನೆಯ ಹದ ಮೀರಿರುತ್ತದೆ. ಪೊಟ್ಟಣಗಳೆಲ್ಲ ತಯಾರಾಗುವುದು ತಾಯಿತಳಿಯಿಂದ. ಆದ್ದರಿಂದ ತಾಯಿತಳಿಯ ರಕ್ಷಣೆ ಬಹು ಮುಖ್ಯ.

ಅಣುಜೀವಿಯನ್ನು ನಳಿಕೆಯಿಂದ ನಳಿಕೆಗೆ ಪದೇ ಪದೇ ವರ್ಗಾಯಿಸುತ್ತಿದ್ದರೆ ಬೇರೆ ಸೂಕ್ಷ್ಮಜೀವಿಗಳು ಬೆರೆಯಬಹುದು; ಗಂಟು ಕಟ್ಟುವ ಗುಣವೂ ಕುಂದಬಹುದು. ಇದನ್ನು ತಪ್ಪಿಸಲು ಅತಿಶೈತ್ಯದಲ್ಲಿ ಅದರ ಬೆಳವಣಿಗೆಯನ್ನೇ ನಿಲ್ಲಿಸಿ ಇಡುತ್ತಾರೆ.

ಹಾಗೆಯೇ ಹೆಪ್ಪುಗಟ್ಟಿಸಿದರೆ ನೀರು ಹರಳುಗಟ್ಟಿ ಜೀವಕೋಶದ ಪೊರೆಯನ್ನು ಹರಿಯುತ್ತದೆ. ಗ್ಲಿಸರಾಲ್ ಬೆರೆಸಿದರೆ ಈ ಹಾನಿ ಕಡಿಮೆ. ಹಸುಗಳ ಕೃತಕ ಗರ್ಭಧಾರಣೆಗೆ ತರುವ ವೀರ್ಯವನ್ನು ಇದೇ ತತ್ತ್ವದ ಮೇಲೆ ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಇಟ್ಟಿರುತ್ತಾರೆ.

ಪ್ರಯೋಗಾಲಯದ ಕ್ರಮ ಹೀಗಿದೆ:

1. ಶುದ್ಧ ತಳಿಯನ್ನು ಯೀಸ್ಟ್ ಸಾರ ಮತ್ತು ಮ್ಯಾನಿಟಾಲ್ ಇರುವ ದ್ರಾವಣದಲ್ಲಿ ಸುಮಾರು 28 ಡಿಗ್ರಿ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಸುವುದು.

2. ಕ್ರಿಮಿಶುದ್ಧಿ ಮಾಡಿದ ಗ್ಲಿಸರಾಲನ್ನು ಒಟ್ಟು ಮಿಶ್ರಣದಲ್ಲಿ ಶೇಕಡ 15ರಿಂದ 25ರಷ್ಟು ಇರುವಂತೆ ಬೆರೆಸುವುದು.

3. ಚಿಕ್ಕ ಸೀಸೆಗಳಿಗೆ ಹಂಚಿ, ತಳಿಯ ಹೆಸರು, ತಾರೀಖು ಬರೆದು, ಸೊನ್ನೆಗಿಂತ 80 ಡಿಗ್ರಿ ಕೆಳಗೆ ಇಡುವುದು.

4. ಬೇಕಾದಾಗ ಒಂದು ಸೀಸೆಯನ್ನು ಮಾತ್ರ ತೆಗೆಯುವುದು. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಅಣುಜೀವಿಗಳು ಸಾಯುತ್ತವೆ.

5. ಮರುಬೆಳೆಸಿದ ತಳಿಯನ್ನು ಆಯಾ ಬೆಳೆಯ ಸಸಿಗೆ ಹಾಕಿ ಗಂಟು ಕಟ್ಟುವುದೇ ಎಂದು ಪರೀಕ್ಷಿಸುವುದು.

ಹೀಗೆ ಇಟ್ಟ ತಳಿ ಹಲವು ವರ್ಷ ಜೀವಂತವಾಗಿರುತ್ತದೆ.

ಹಾಗಾದರೆ ಉಳಿದ ಪೊಟ್ಟಣವನ್ನು ಮನೆಯ ಫ್ರಿಜ್ಜಿನ ಮಂಜಿನ ಪೆಟ್ಟಿಗೆಯಲ್ಲಿ ಇಡಬಹುದೇ? ಬೇಡ. ಅದರಲ್ಲಿ ಗ್ಲಿಸರಾಲಿನ ರಕ್ಷಣೆಯಿಲ್ಲ; ವಿದ್ಯುತ್ ಹೋಗಿ ಬಂದಂತೆಲ್ಲ ಕರಗಿ ಗಟ್ಟಿಯಾಗಿ ಅಣುಜೀವಿಗಳು ಸಾಯುತ್ತವೆ. ಪೊಟ್ಟಣವನ್ನು ಬಿಸಿಲು ತಾಗದ ತಂಪು ಜಾಗದಲ್ಲಿ, ರಾಸಾಯನಿಕ ಗೊಬ್ಬರ ಮತ್ತು ಔಷಧಿಗಳಿಂದ ದೂರವಿಡಿ. ಕೊಳ್ಳುವಾಗ ಬೆಳೆಯ ಹೆಸರನ್ನೂ ಅವಧಿ ಮುಗಿಯುವ ತಾರೀಖನ್ನೂ ನೋಡಿರಿ. ಲೇಪಿಸಿದ ಬೀಜವನ್ನು ನೆರಳಿನಲ್ಲಿ ಆರಿಸಿ ಕೂಡಲೇ ಬಿತ್ತಿರಿ.

ಹೂ ಬಿಡುವ ಹೊತ್ತಿಗೆ ನಾಲ್ಕಾರು ಗಿಡಗಳನ್ನು ಮಣ್ಣಿನ ಸಮೇತ ಅಗೆದು ಗಂಟನ್ನು ಸೀಳಿ ನೋಡಿರಿ. ಒಳಗೆ ನಸುಗೆಂಪಾಗಿದ್ದರೆ ಅಣುಜೀವಿ ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು.